ತಿಪ್ಪೇಶ ಮೇಷ್ಟ್ರು ಪಾಠ ಬದಲಿಸಿದ್ದು

ಚಳ್ಳಕೆರೆ ಸೀಮೆಯಲ್ಲಿ ಓಬಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶ. ಡಿಗ್ರಿ ಓದಿದ್ದ, ಬುದ್ಧಿ ಮಾತ್ರ ಹೇಳಿದಷ್ಟಕ್ಕೇ ನಿಲ್ಲುತ್ತಿತ್ತು. ಹಾಲು ಉಕ್ಕೋದನ್ನ ನೋಡ್ಕೋ ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡ್ತಾ ಕೂರೋನು. ಇಂಥವನಿಗೆ ವಿಶೇಷ ಮಕ್ಕಳ ಹೈಸ್ಕೂಲಲ್ಲಿ ನಾಯಕತ್ವ, ಅರ್ಜಿ ತುಂಬೋದು ಇಂಥ ಯುವಜನ ತರಬೇತಿ ಕೊಡೋ ಕೆಲಸ ಸಿಕ್ಕಿತು, ಒಂದು ತಿಂಗಳ ಮಟ್ಟಿಗೆ. ದೊಡ್ಡವರು ಹೇಳಿದಂಗೆ ಕೇಳು ಅಂತ ಓಬಮ್ಮ ಹೇಳಿ ಕಳಿಸಿದಳು.

ಮೊದಲ ದಿನ ಕಿವಿ ಕೇಳದ ಮಕ್ಕಳು. ನಾಯಕತ್ವದ ಪಾಠವನ್ನ ತಿಪ್ಪೇಶ ಗಂಟಲು ಹರಿಯೋ ಹಾಗೆ ಕೂಗಿದ. ಮಕ್ಕಳು ಅವನ ಬಾಯನ್ನೇ ನೋಡ್ತಾ ಕೂತರು. ಹೆಡ್‌ಮಿಸ್ ನೂರ್‌ಜಹಾನ್ ಮೇಡಂ ಬಂದು ಬೈದರು. ಮಕ್ಕಳಿಗೆ ತಕ್ಕಂಗೆ ಪಾಠ ಬದಲಿಸಬೇಕು, ಮಾತು ಬೇಡ, ಕೈಯಲ್ಲಿ ತೋರಿಸು ಅಂದರು.

ಮಾರನೇ ದಿನ ಕಣ್ಣು ಕಾಣದ ಮಕ್ಕಳು. ತಿಪ್ಪೇಶ ತುಟಿ ಬಿಚ್ಚಲಿಲ್ಲ. ಮುಕ್ಕಾಲು ಗಂಟೆ ಕೈ ಆಡಿಸಿ ಆಡಿಸಿ ಬೆವರಿದ. ಕೊನೆಗೆ ರೇಣವ್ವ ಅನ್ನೋ ಹುಡುಗಿ, "ಮೇಷ್ಟ್ರು ಇನ್ನೂ ಬಂದಿಲ್ವೇನೇ?" ಅಂತ ಪಕ್ಕದವಳನ್ನ ಕೇಳಿದಳು. ಬಂದಿದ್ದೀನಿ ಅಂತ ತಿಪ್ಪೇಶ ಕೈ ಎತ್ತಿ ತೋರಿಸಿದ. ಮೇಡಂ ಮತ್ತೆ ಬೈದರು. ಕೈಗೆ ಕೊಟ್ಟು ಮುಟ್ಟಿಸಿ ಹೇಳಬೇಕು ಅಂದರು.

ಮೂರನೇ ದಿನ ಓದೋದು ನಿಧಾನವಾದ ಮಕ್ಕಳು. ಅರ್ಜಿ ತುಂಬೋ ಪಾಠ. ತಿಪ್ಪೇಶ ಒಬ್ಬೊಬ್ಬರ ಕೈಗೂ ಅರ್ಜಿ ಕೊಟ್ಟು, ಕಣ್ಣು ಮುಚ್ಚಿ ಸವರಿ ಅಂದ. ಸವರಿದರು.

"ನುಣ್ಣಗಿದೆ ಸಾರ್," ಅಂದ ಒಬ್ಬ.

ಈ ಸಲವೂ ತಪ್ಪು ಅಂತ ಮೇಡಂ ಅಂದಾಗ ತಿಪ್ಪೇಶನಿಗೆ ದಿಕ್ಕೇ ತೋಚಲಿಲ್ಲ. ನಿನ್ನೆ ಹೇಳಿಕೊಟ್ಟದ್ದು ಇವತ್ತಿಗೆ ಹೆಂಗೆ ತಪ್ಪಾಯಿತು? ಕಣ್ಣಲ್ಲಿ ನೀರು ಬಂತು. ಮೇಡಂ ಬೈಯಲಿಲ್ಲ, ಪಕ್ಕ ಕೂರಿಸಿಕೊಂಡರು.

"ನೋಡಪ್ಪ, ಓದೋಕೆ ಕಷ್ಟ ಆಗೋರಿಗೆ ಇಡೀ ಕಾಗದ ಒಟ್ಟಿಗೆ ಕೊಡಬಾರದು. ಕತ್ತರಿಸಿ ಒಂದೊಂದೇ ಚೂರು ಕೊಡು. ಒಂದು ಅರ್ಥ ಆದಮೇಲೆ ಇನ್ನೊಂದು."

ಹಂಗೇ ಮಾಡಿದ. ತಿಂಗಳು ತುಂಬೋದರೊಳಗೆ ಮಕ್ಕಳು ತಮ್ಮ ಅರ್ಜಿ ತಾವೇ ತುಂಬಿದರು. ಮೇಡಂಗೆ ಖುಷಿಯೋ ಖುಷಿ. ಇನ್ನೊಂದು ವರ್ಷಕ್ಕೆ ಕೆಲಸದ ಆರ್ಡರ್ ಬರೆಸಿ ಕೈಗಿಟ್ಟರು. ಇವತ್ತು ತಾಯಿಗೆ ತೋರಿಸು, ನಾಳೆ ಆಫೀಸಿಗೆ ಕೊಡು ಅಂದರು.

ಓಬಮ್ಮನಿಗೆ ಓದು ಬರೋದಿಲ್ಲ. ತಿಪ್ಪೇಶ ಬಾಗಿಲಲ್ಲೇ ನಿಂತು ಯೋಚಿಸಿದ. ಒಳಗೆ ಹೋಗಿ ಕತ್ತರಿ ತಂದ.

"ಏನೋ ಇದು?" ಅಂದಳು ಓಬಮ್ಮ. ಅವಳ ಅಂಗೈಯಲ್ಲಿ ಉಗುರಗಲ ಕಾಗದ, ಅದರ ಮೇಲೆ ಅರ್ಧ ಸೀಲು.

"ನನ್ನ ಕೆಲಸದ ಆರ್ಡರ್ ಕಣವ್ವ. ಅವಸರ ಬೇಡ. ಇದು ಅರ್ಥ ಆಗಲಿ, ನಾಳೆ ಇನ್ನೊಂದು ಚೂರು ಕೊಡ್ತೀನಿ."