ದೊಡ್ಡ ಬಂಡೆಯ ಬಿಸಿಲು

ಕ್ಷುದ್ರಗ್ರಹಗಳ ಪಟ್ಟಿಯಲ್ಲಿ, ಮಂಗಳನ ಕಡೆಯ ಅಂಚಿಗೆ, ಒಂದು ದೊಡ್ಡ ಬಂಡೆಯೂ ಅದನ್ನು ಸುತ್ತುವ ಸಣ್ಣ ಬಂಡೆಯೂ ಇದ್ದವು. ಸೂರ್ಯನಿಗೆ ಅಡ್ಡ ಬಂದಾಗಲೆಲ್ಲ ಸಣ್ಣದರ ನೆರಳು ದೊಡ್ಡದರ ಮೇಲೆ ಬೀಳುತ್ತಿತ್ತು.

"ನನ್ನ ಬಿಸಿಲು ಬಿಟ್ಟು ತೊಲಗು, ದರಿದ್ರವೇ! ಎಲ್ಲಿಂದ ಬಂದು ಗಂಟುಬಿದ್ದೆ?" ಎಂದು ದೊಡ್ಡದು ಗದರಿತು.

"ಮರೆತೆಯಾ ಅಪ್ಪಾ? ನೀನು ಗಿರಗಿರನೆ ತಿರುಗಿದ ರಭಸಕ್ಕೆ ನಿನ್ನ ಮೈಯಿಂದ ಕಿತ್ತು ಹಾರಿದ ಕಲ್ಲುಗಳೇ ಕೂಡಿ ನಾನಾದೆ. ಎಸೆದವನು ನೀನು, ತೊಲಗು ಎನ್ನುವವನೂ ನೀನೇ!"

"ನನಗೇ ಎದುರು ಮಾತಾಡುತ್ತೀಯಾ?"

ಅದನ್ನು ಕೊಡವಿಹಾಕುವ ಹಟಕ್ಕೆ ದೊಡ್ಡದು ಇನ್ನಷ್ಟು ಜೋರಾಗಿ ತಿರುಗಿತು. ಮತ್ತಷ್ಟು ಕಲ್ಲುಗಳು ಕಿತ್ತುಹೋಗಿ ಸಣ್ಣದಕ್ಕೆ ಅಂಟಿಕೊಂಡವು. ಮುಂದಿನ ಸುತ್ತಿಗೆ ನೆರಳು ಮೊದಲಿಗಿಂತ ಅಗಲವಾಗಿತ್ತು.

ಸಣ್ಣ ಬಂಡೆ ಹೇಳಿತು: "ತಿರುಗು ಅಪ್ಪಾ, ಇನ್ನೂ ತಿರುಗು. ನೀನು ನನಗೆ ಹಾಕಿದ ಅನ್ನವೆಂದರೆ ನಿನ್ನ ಸಿಟ್ಟೊಂದೇ. ಅದನ್ನೇ ತಿಂದು ಬೆಳೆಯುತ್ತಿದ್ದೇನೆ."