ಗಡಿಕಲ್ಲೂ ಕಣ್ಣಿಲ್ಲದ ಅಹುನಿಯೂ

ಎರಡು ಹೊಳೆಗಳ ನಡುವೆ ಒಂದು ನಾಡು, ಆ ನಾಡಿನಲ್ಲಿ ಒಂದಾನೊಂದು ಊರು. ಬ್ಯಾಬಿಲೋನ್ ಪಟ್ಟಣದಿಂದ ಹರಿಗೋಲು ಬಿಟ್ಟರೆ ಮೂರು ಹಗಲು ಮೂರು ರಾತ್ರಿ ಕಳೆದು ಸಿಗುವ ಊರು. ಹೆಸರು ಹೇಳಿದರೆ ನಾಲಿಗೆ ತೊಡರುತ್ತದೆ, ಊರು ಅಂದುಕೊಳ್ಳಿ ಸಾಕು. ಅಲ್ಲಿ ಮಳೆ ಅನ್ನೋದು ದೂರದ ನೆಂಟರ ಹಾಗೆ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಜವೆಗೋಧಿಗೂ ಖರ್ಜೂರಕ್ಕೂ ಈರುಳ್ಳಿ ಮಡಿಗೂ ಕಾಲುವೆ ನೀರೇ ಗತಿ. ಆ ಕಾಲುವೆಗೆ ಒಂದೇ ಒಂದು ತೂಬು. ತೂಬು ಯಾರ ನೆಲದಲ್ಲಿದೆಯೋ ಏಳು ಹಳ್ಳಿಯ ಗಂಟಲು ಅವರ ಕೈಯಲ್ಲಿ.

ತೂಬು ಇದ್ದದ್ದು ರಿಬಾತು ಅನ್ನುವ ವಿಧವೆಯ ನೆಲದಲ್ಲಂತೆ. ಅವಳ ಗಂಡ ರಾಜನ ದಂಡಿನಲ್ಲಿ ಸತ್ತ. ರಾಜ ಮನಸ್ಸು ಕರಗಿ ನಲವತ್ತು ಖರ್ಜೂರದ ಮರವನ್ನೂ ಅವುಗಳ ನೆರಳು ಬೀಳುವಷ್ಟು ಗದ್ದೆಯನ್ನೂ ಅವಳಿಗೆ ಕೊಟ್ಟು, ಗಡಿಗೆ ಒಂದು ಕರಿಕಲ್ಲು ನೆಡಿಸಿದ. ನಮ್ಮ ಕಡೆ ಶಾಸನದ ಕಲ್ಲಿನ ನೆತ್ತಿಯಲ್ಲಿ ಸೂರ್ಯ ಚಂದ್ರ ಇರ್ತಾರಲ್ಲ, ಅಲ್ಲೂ ಹಾಗೇ. ಚಂದ್ರದೇವರು ಸಿನ್, ಸೂರ್ಯದೇವರು ಶಮಾಶ್, ಚುಕ್ಕಿಯಾಗಿ ದೇವಿ ಇಷ್ಟಾರ್, ಮೂವರ ತಲೆಯ ಮೇಲೆ ಮಲಗಿದ ಒಂದು ಹಾವು. ಅದರ ಕೆಳಗೆ ಮೊಳೆ ಮೊಳೆಯಂಥ ಅಕ್ಷರದಲ್ಲಿ ಶಾಪ. ರಿಬಾತು ಒಳ್ಳೆಯವಳು. ಏಳು ಹಳ್ಳಿಗೂ ಸರಿಸಮ ನೀರು ಬಿಡುತ್ತಿದ್ದಳಂತೆ.

ಆ ಸೀಮೆಗೆ ಸಿಲ್ಲಾಯ ಅಂತ ಒಬ್ಬ ಅಮಲ್ದಾರ. ಅವನಿಗೆ ಆ ತೂಬು ಬೇಕಾಯಿತು. ಕಲ್ಲೊಂದು ಇಲ್ಲದಿದ್ದರೆ ನೆಲ ತನ್ನದೆಂದು ಸಾಧಿಸಬಹುದಿತ್ತು. ಆದರೆ ಕಲ್ಲು ಇತ್ತು, ಕಲ್ಲಿನಲ್ಲಿ ಶಾಪ ಇತ್ತು. ಜೇಡಿಮಣ್ಣಿನ ಹಲಗೆಯ ಮೇಲೆ ಕಡ್ಡಿಯಿಂದ ಬರೆಯುವ ಶಾನುಭೋಗನನ್ನು ಕರೆಸಿದ.

"ಏನಯ್ಯಾ ಬರೆದಿದೆ ಅದರಲ್ಲಿ?"

"ಈ ಕಲ್ಲು ಕಿತ್ತವನ ಹೊಟ್ಟೆ ನೀರು ತುಂಬಿ ಬೀಗಲಿ, ಅವನ ಕಾಲುವೆಯಲ್ಲಿ ಹೂಳು ತುಂಬಲಿ, ಅವನ ಮನೆಯಲ್ಲಿ ತೊಟ್ಟಿಲು ತೂಗದಿರಲಿ ಅಂತ ಬುದ್ಧಿ."

"ತಿಳಿಯದೆ ಕಿತ್ತರೆ?"

ಶಾನುಭೋಗ ತಲೆ ಕೆರೆದುಕೊಂಡ. "ಕಣ್ಣಲ್ಲಿ ನೋಡಿ, ಕಿವಿಯಲ್ಲಿ ಕೇಳಿ, ಬುದ್ಧಿಯಲ್ಲಿ ತಿಳಿದು ಕಿತ್ತರೆ ಶಾಪ ಅಂತಾರೆ ಹಿರಿಯರು. ಕೀಳೋದನ್ನ ನೋಡ್ತಾ ನಿಂತವರಿಗೂ ಪಾಲು ಉಂಟು."

ಸಿಲ್ಲಾಯ ತೊಡೆ ತಟ್ಟಿ ನಕ್ಕನಂತೆ.

ಮೊದಲು ಒಬ್ಬ ಕಿವುಡನನ್ನು ಕಳಿಸಿದ. ಕಿವುಡ ಹೋದ, ಹಾವು ನೋಡಿದ, ಚಂದ್ರ ನೋಡಿದ, ಅಡ್ಡಬಿದ್ದು ಎದ್ದು ಓಡಿದ. ಅವನು ಬಿಟ್ಟೋಡಿದ ಜೋಡು ಇನ್ನೂ ಅಲ್ಲೇ ಇದೆ ಅಂತಾರೆ. ಆಮೇಲೆ ಒಬ್ಬ ಪೆದ್ದನನ್ನು ಕಳಿಸಿದ. ಪೆದ್ದ ಹೋದ, ಹಾವಿಗೆ ಹಸಿವಾಗಿದೆ ಅಂತ ಮೇಕೆ ಹಾಲು ತಂದೆರೆದ, ಸಂಜೆ ತನಕ ಪಕ್ಕದಲ್ಲಿ ಕೂತ, ವಾಪಸ್ಸು ಬಂದು "ಕರೆದೆ ಬುದ್ಧಿ, ಬರಲ್ಲ ಅಂತು" ಅಂದ. ಮೂರನೆಯ ಸಲ ಸಿಲ್ಲಾಯನ ಬಂಟರು ಅಹುನಿಯ ಗುಡಿಸಲಿಗೆ ಬಂದರು.

ಅಹುನಿ ಹುಟ್ಟುಗುರುಡ. ಕಾಲುವೆ ದಂಡೆಯ ಜೊಂಡು ಕೊಯ್ದು ಚಾಪೆ ಹೆಣೆಯುವವನು. ಹೆಂಡತಿ ಎರಿಶ್ತಿ ಆರು ತಿಂಗಳ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತು ನಿಂತು ಇಳಿದುಹೋಗಿತ್ತು. ಈ ಸಲ ಅವನು ದಿನಾ ರಾತ್ರಿ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಒಳಗೆ ಕೂಸು ಒದೆಯಿತೋ ಇಲ್ಲವೋ ನೋಡಿಯೇ ಮಲಗುತ್ತಿದ್ದನಂತೆ.

"ತೂಬಿನ ಹತ್ತಿರ ಹಳೇ ಬೀಸೋ ಕಲ್ಲೊಂದು ಅಡ್ಡ ನಿಂತಿದೆ. ಕಿತ್ತು, ಚಾಪೆಯಲ್ಲಿ ಸುತ್ತಿ, ಹೊಳೆಗೆ ಹಾಕಬೇಕು" ಅಂದ ಹಿರಿಯ ಬಂಟ. "ಮಾಡೋ ತನಕ ನಿನ್ನ ಹೆಂಡತಿ ಅಮಲ್ದಾರರ ಮಗ್ಗದ ಮನೆಯಲ್ಲಿ ನೂಲ್ತಾ ಇರಲಿ."

ಎರಿಶ್ತಿಯ ಬಾಯಿ ಸುಮ್ಮನಿರುವ ಬಾಯಲ್ಲ. "ಒಂದು ಬೀಸೋ ಕಲ್ಲಿಗೆ ಒಬ್ಬ ಬಸುರಿ ಒತ್ತೆಯಾ? ಭಾರೀ ಕಲ್ಲೇ ಇರಬೇಕಪ್ಪ ನಿಮ್ಮದು!"

"ಬಾಯಿ ಮುಚ್ಚು. ಕೆಲಸ ಕೆಟ್ಟರೆ ಅಲ್ಲೇ ಹೆರ್ತೀಯ. ಮಗ್ಗದ ಮನೆಯಲ್ಲಿ ಹುಟ್ಟಿದ ಕೂಸು ಮಗ್ಗದ ಮನೇದೇ."

ಅವಳನ್ನು ಎಳೆದುಕೊಂಡು ಹೋದ ಸದ್ದು ಅಹುನಿಗೆ ಬೀದಿಯ ಕೊನೆ ತನಕ ಕೇಳಿಸಿತಂತೆ.

ಮಾರನೆಯ ದಿನ ಸುಡುಸುಡುವ ಮಧ್ಯಾಹ್ನ. ಏಳು ಹಳ್ಳಿಯ ಜನ ಕುಯಿಲಿಗೆ ಹೋಗಿ ಮರದಡಿ ಮಲಗಿದ್ದ ಹೊತ್ತು. ಬಂಟರು ಅಹುನಿಯ ಸೊಂಟಕ್ಕೆ ಹಗ್ಗ ಕಟ್ಟಿ, ಅವನನ್ನು ತೂಬಿನ ಹತ್ತಿರ ಬಿಟ್ಟು, ದೂರ ಹೋಗಿ ನಿಂತರು.

"ಈಗ ನಾವು ಕಣ್ಣಿಗೆ ಬಟ್ಟೆ ಕಟ್ಟಿಕೊಳ್ತೀವಿ. ನಾವೂ ನಿನ್ನ ಥರಾನೇ ಕಣಯ್ಯ!" ಅಂತ ಕಿರಿಯವನು ನಕ್ಕ.

"ನಿಧಾನ ಅಣ್ಣ, ಹೊಸಬರು ಎಡವುತ್ತಾರೆ" ಅಂದ ಅಹುನಿ. ಆದರೆ ಎದೆಯೊಳಗೆ ಒಂದು ಮುಳ್ಳು ಆಡಿತು. ಬೀಸೋ ಕಲ್ಲಿಗೆ ಕಣ್ಣು ಯಾಕೆ ಕಟ್ಟಿಕೊಳ್ಳಬೇಕು?

ತೂಬಿನಿಂದ ಹನ್ನೆರಡು ಹೆಜ್ಜೆ ಇಟ್ಟ. ಮೊಳಕಾಲಿಗೆ ಕಲ್ಲು ತಾಗಿತು. ಬಗ್ಗಿ ಕೈ ಆಡಿಸಿದ. ಮೇಲೆ ತಣ್ಣಗೆ ಒಂದು ಬಳುಕು, ಹಾವಿನದು. ಅದರ ಕೆಳಗೆ ಕುಡುಗೋಲಿನಂತೆ ಬಾಗಿದ ಚಂದ್ರ. ಅದರ ಪಕ್ಕ ಬಟ್ಟಲಗಲ ಸೂರ್ಯ. ಆಮೇಲೆ ಚುಕ್ಕಿ. ಚಿಕ್ಕಂದಿನಲ್ಲಿ ಅವ್ವ ಗುಡಿಯ ಬಾಗಿಲಲ್ಲಿ ಇಂಥದೇ ಕಲ್ಲಿನ ಮೇಲೆ ಅವನ ಬೆರಳಿಡಿಸಿ, ಕಿತ್ತವರಿಗೆ ತಟ್ಟುವ ಶಾಪ ಹೇಳಿ, ಕೈ ಮುಗಿಸುತ್ತಿದ್ದಳು. ಅಹುನಿ ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

ಕಿತ್ತರೆ ಮನೆಯಲ್ಲಿ ತೊಟ್ಟಿಲು ತೂಗೋದಿಲ್ಲ. ಕೀಳದಿದ್ದರೆ ತೊಟ್ಟಿಲು ಮಗ್ಗದ ಮನೆಯಲ್ಲಿ ತೂಗುತ್ತದೆ. ಆ ಕಡೆ ಹೋದರೂ ಕೂಸು ಇಲ್ಲ, ಈ ಕಡೆ ಬಂದರೂ ಕೂಸು ಇಲ್ಲ. ಕೂತಲ್ಲೇ ಬೆವರಿಗೆ ಅಂಗಿ ಬೆನ್ನಿಗಂಟಿತಂತೆ.

ಹಗ್ಗ ಜಗ್ಗಿತು. "ಆಯ್ತೇನೋ?"

"ಇನ್ನೂ ಇಲ್ಲ ಅಣ್ಣ, ಬೇರು ಆಳ ಇದೆ."

ಸ್ವಲ್ಪ ಹೊತ್ತಿಗೆ ಮತ್ತೆ ಜಗ್ಗಿತು. "ಆಯ್ತೇನೋ?"

ಆಗ ಅಹುನಿಗೆ ಹೊಳೆಯಿತು. ಇವರು ಯಾಕೆ ಕೇಳ್ತಾರೆ? ಕಾಣೋದಿಲ್ಲವಲ್ಲ, ಅದಕ್ಕೆ ಕೇಳ್ತಾರೆ! ಇಡೀ ಬಯಲಿನಲ್ಲಿ ಈಗ ಕಣ್ಣಿರುವವನು ಒಬ್ಬನೂ ಇಲ್ಲ. ಕುರುಡನ ಬಾಯಲ್ಲಿ ಏನು ಬರುತ್ತದೋ ಅದೇ ನಡೆದದ್ದು.

ಆಗಷ್ಟೇ ಕಾಲುವೆಯ ಹೂಳೆತ್ತಿ ದಂಡೆಗುಂಟ ಗುಡ್ಡೆ ಹಾಕಿದ್ದರು, ಇನ್ನೂ ಹಸಿ. ಅಹುನಿ ಎರಡೂ ಕೈಯಿಂದ ಹೂಳು ಬಾಚಿ ಬಾಚಿ ಕಲ್ಲಿನ ಮೇಲೆ ಸುರಿದ. ಹಾವು ಮುಚ್ಚಿತು, ಚಂದ್ರ ಮುಚ್ಚಿದ, ಸೂರ್ಯ ಮುಚ್ಚಿದ, ಚುಕ್ಕಿ ಮುಚ್ಚಿತು. ಆಮೇಲೆ ತೂಬಿನ ಹಳೇ ಕಟ್ಟೆಯಿಂದ ಕಳಚಿಬಿದ್ದ ಇಟ್ಟಿಗೆ ತುಂಡುಗಳನ್ನು ಚಾಪೆಯಲ್ಲಿ ಸುತ್ತಿ, ನೀರಿನ ಸದ್ದು ಹಿಡಿದು ತೆವಳಿ, ಹೊಳೆಗೆ ಉರುಳಿಸಿದ. ಧುಡುಂ!

"ಆಯ್ತಣ್ಣ!"

ಬಂಟರು ಬಟ್ಟೆ ಬಿಚ್ಚಿ ಬಂದರು. ಹಿರಿಯವನು ಹೂಳಿನ ಗುಡ್ಡೆಯ ಪಕ್ಕ ನಿಂತ. "ಇಲ್ಲೇ ಇತ್ತಲ್ಲ?" ಅನ್ನುತ್ತ ಕೈಯ ಈಟಿಯನ್ನು ಗುಡ್ಡೆಗೆ ಚುಚ್ಚಿದ. ಅಹುನಿ ಕಿವಿಗೊಟ್ಟ. ಟಕ್ ಅಂದರೆ ಎಲ್ಲ ಮುಗಿಯಿತು. ಪಚಕ್ ಅಂತು. ಈಟಿ ಮತ್ತೆ ಮೇಲೆದ್ದಿತು, ಇನ್ನೊಂದು ಕಡೆ ಇಳಿಯಿತು. ಪಚಕ್. ಬಂಟ ಈಟಿಯ ಕೆಸರು ಒರೆಸಿಕೊಂಡು "ನಡಿ" ಅಂದ.

ಆದರೆ ಎರಿಶ್ತಿಯನ್ನು ಬಿಡಲಿಲ್ಲ. "ನೆಲ ನನ್ನ ಹೆಸರಿಗೆ ಆಗಲಿ, ಆಮೇಲೆ" ಅಂದ ಸಿಲ್ಲಾಯ. ರಾಜನಿಗೆ ಮಣ್ಣಿನ ಹಲಗೆಯಲ್ಲಿ ಓಲೆ ಕಳಿಸಿದ: ತೂಬಿನ ನೆಲ ನನ್ನದು, ಅಲ್ಲಿ ಗಡಿಕಲ್ಲೂ ಇಲ್ಲ ಎಂಥದೂ ಇಲ್ಲ, ನ್ಯಾಯಾಧಿಪತಿಯನ್ನು ಕಳಿಸಿ.

ಏಳು ದಿನ. ಒಂದು ದಿನ ಒಂದು ವರ್ಷದ ಹಾಗೆ. ಹೂಳು ಒಣಗಿ ಬಿರುಕು ಬಿಟ್ಟಿತು. ಮಳೆ ಬಂದರೆ? ನಾಯಿ ಕೆರೆದರೆ? ಅಹುನಿಗೆ ನಿದ್ದೆ ಇಲ್ಲ. ಮೂರನೆಯ ದಿನ ರಿಬಾತು ಬಂದು ಬಾಗಿಲಲ್ಲಿ ನಿಂತಳು.

"ನೀನೇ ಕಿತ್ತೆ ಅಂತಾರೆ ಊರವರು. ಜೊಂಡು ಕೊಯ್ಯೋಕೆ ನನ್ನ ದಂಡೇಲಿ ದಾರಿ ಬಿಟ್ಟೆನಲ್ಲೋ ಅಹುನಿ! ಒಂದು ಮಾತು ಆಡು."

ಆಡಿದರೆ ಅವಳು ಓಡಿಹೋಗಿ ಗುಡ್ಡೆ ಅಗೆಯುತ್ತಾಳೆ. ಗುಡ್ಡೆ ಅಗೆದರೆ ಎರಿಶ್ತಿ ಹೋದಳು. ಅಹುನಿ ತುಟಿ ಕಚ್ಚಿಕೊಂಡು ಚಾಪೆ ಹೆಣೆದ. ರಿಬಾತು ಅವನ ಮುಂದೆ ಮಣ್ಣು ತೂರಿ ಹೋದಳಂತೆ. ಅದು ಅವನ ಮುಖಕ್ಕೇ ಬಿತ್ತು.

ಏಳನೆಯ ದಿನ ನ್ಯಾಯಾಧಿಪತಿ ಹರಿಗೋಲಿನಲ್ಲಿ ಬಂದ. ಜೊತೆಗೆ ಸೂರ್ಯದೇವರ ಗರಗಸ. ಸೂರ್ಯದೇವರು ಕತ್ತಲನ್ನು ಗರಗಸದಿಂದ ಕೊಯ್ದು ಹಗಲು ತರ್ತಾನೆ, ಅದೇ ಗರಗಸದಿಂದ ಸುಳ್ಳನ್ನೂ ಕೊಯ್ತಾನೆ ಅಂತ ಆ ಜನರ ನಂಬಿಕೆ. ನೆಲದ ಜಗಳಕ್ಕೆ ಗರಗಸವನ್ನು ಆ ನೆಲಕ್ಕೇ ತಂದು ಆಣೆ ಮಾಡಿಸುವುದು ಅಲ್ಲಿನ ಕಟ್ಟಳೆ.

ಏಳು ಹಳ್ಳಿ ನೆರೆಯಿತು, ಆದರೆ ಅಮಲ್ದಾರನ ಎದುರು ಸಾಕ್ಷಿ ಹೇಳಲು ಯಾರಿಗೂ ಧೈರ್ಯವಿಲ್ಲ. "ಎಲ್ಲಿದೆಯಮ್ಮಾ ನಿನ್ನ ಕಲ್ಲು?" ಅಂದ ನ್ಯಾಯಾಧಿಪತಿ. ರಿಬಾತು ಬರೀ ಅತ್ತಳು. ಸಿಲ್ಲಾಯ ಗರಗಸ ಮುಟ್ಟಿ, "ಇಲ್ಲಿ ಕಲ್ಲು ಇಲ್ಲ, ಇರಲೂ ಇಲ್ಲ" ಅಂತ ಆಣೆ ಮಾಡಿದ.

ಆಗ ಜನರ ಕಾಲುಗಳ ನಡುವೆ ತೂರಿ ಬಂದ ಅಹುನಿ, ನ್ಯಾಯಾಧಿಪತಿಯ ಅಂಗಿಯ ಅಂಚು ಹಿಡಿದ. ಅಂಚು ಹಿಡಿದು ಬೇಡಿದರೆ ದೊಡ್ಡವರು ನಿಂತು ಕೇಳಲೇಬೇಕು.

"ಸ್ವಾಮಿ, ನನ್ನ ಹತ್ತಿರ ಒಂದು ಸಾಕ್ಷಿ ಇದೆ. ಆದರೆ ನನ್ನ ಹೆಂಡತಿ ಇವರ ಮಗ್ಗದ ಮನೆಯಲ್ಲಿದ್ದಾಳೆ. ಅವಳು ಬಂದು ನನ್ನ ಪಕ್ಕ ನಿಲ್ಲೋ ತನಕ ನನಗೆ ನಾಲಿಗೆ ಇಲ್ಲ."

ಸಿಲ್ಲಾಯ ಗಹಗಹಿಸಿದ. "ಕುರುಡ ಸಾಕ್ಷಿ! ಏನು ನೋಡಿದ್ದೀಯೋ?" ಇವನು ಏನು ಹೇಳಿದರೂ ಕಲ್ಲು ಕಿತ್ತವನು ಇವನೇ ಆಗ್ತಾನೆ, ಹೇಳಲಿ ಅಂತ ಅವನ ಲೆಕ್ಕ. "ತರಿಸಿ ಸ್ವಾಮಿ ಅವನ ಹೆಂಡತೀನ, ನಮಗೇನು?"

ಎರಿಶ್ತಿ ಬಂದಳು. ಬಂದವಳೇ "ಏಳು ದಿನಕ್ಕೇ ಹಿಂಗೆ ಎಲುಬಾಗಿದ್ದೀಯಲ್ಲ, ಉಂಡೆಯಾ ಇಲ್ಲವಾ?" ಅಂದಳು. ಅಹುನಿ ಅವಳ ಕೈ ಹಿಡಿದು ತೂಬಿನಿಂದ ಹನ್ನೆರಡು ಹೆಜ್ಜೆ ಎಣಿಸಿದ. ಮಂಡಿಯೂರಿ ಹೂಳು ಕೆದರಿದ.

ಏನೂ ಇಲ್ಲ.

ಮೊಣಕೈ ಮಟ್ಟ ಕೆದರಿದ. ಏನೂ ಇಲ್ಲ. ಸಿಲ್ಲಾಯ ಮತ್ತೆ ನಕ್ಕ, ಜನ ಗುಜುಗುಜು ಅಂದರು. ಎದ್ದು ಮತ್ತೆ ಎಣಿಸಿ ಬಂದ, ಮತ್ತೆ ಕೆದರಿದ. ಬರೀ ಮಣ್ಣು.

ಎರಿಶ್ತಿ ಅವನ ಕಿವಿಗೆ ಬಗ್ಗಿದಳು. "ಅವತ್ತು ಹೆದರಿಕೊಂಡು ನಡೆದಿದ್ಯಾ?"

"ಹೂಂ."

"ಹೆದರಿದವನ ಹೆಜ್ಜೆ ಗಿಡ್ಡ ಕಣೋ. ಇವತ್ತು ನಾನಿದ್ದೀನಿ ಅಂತ ಉದ್ದ ಹಾಕ್ತಿದ್ದೀಯ. ಹಿಂದಕ್ಕೆ ಬಾ."

ಎರಡು ಹೆಜ್ಜೆ ಹಿಂದೆ ಬಂದು ಕೈ ಇಳಿಸಿದ. ಬೆರಳಿಗೆ ತಣ್ಣನೆಯ ಬಳುಕು ಸಿಕ್ಕಿತು. ಹಾವು ಬಂತು, ಚಂದ್ರ ಬಂದ, ಸೂರ್ಯ ಬಂದ, ಚುಕ್ಕಿ ಬಂತು. ಗುಜುಗುಜು ನಿಂತುಹೋಯಿತು. "ನೋಡಿಲ್ಲ ಸ್ವಾಮಿ" ಅಂದ ಅಹುನಿ, "ಮುಟ್ಟಿದ್ದೀನಿ." ಮಗ್ಗದ ಮನೆಯಿಂದ ಹಿಡಿದು ಇಟ್ಟಿಗೆಯ ಧುಡುಂ ತನಕ ನಡೆದದ್ದೆಲ್ಲ ಹೇಳಿದ.

"ಈ ಕುರುಡ ಸುಳ್ಳು—" ಅಂತ ಸಿಲ್ಲಾಯ ಮುಖ ತಿರುಗಿಸಿದ.

"ಅಮಲ್ದಾರರೇ, ಆ ಕಡೆ ಅಲ್ಲ, ಈ ಕಡೆ ನೋಡಿ" ಅಂದ ನ್ಯಾಯಾಧಿಪತಿ. ಬುಡ ಬಿಡಿಸಿ ಓದತೊಡಗಿದ. ನೆಲದೊಳಗಿದ್ದ ಸಾಲುಗಳನ್ನು ಶಾನುಭೋಗ ಯಾವತ್ತೂ ಕಂಡಿರಲಿಲ್ಲ. "ಶಾಪಕ್ಕೆ ಹೆದರಿ ತಾನು ಕೀಳದೆ, ಕಿವುಡನನ್ನೋ ಪೆದ್ದನನ್ನೋ ಕುರುಡನನ್ನೋ ಕಳಿಸಿ ಕೀಳಿಸುವವನಿಗೂ ಇದೇ ಶಾಪ." ಓದಿ ತಲೆ ಎತ್ತಿದ. "ನಿಮ್ಮ ಉಪಾಯ ಹೊಸದಲ್ಲ ಸಿಲ್ಲಾಯ. ನಿಮ್ಮಂಥವರನ್ನ ನೋಡಿ ನೋಡಿಯೇ ಹಿರಿಯರು ಇದನ್ನ ಕೆತ್ತಿಸಿದ್ದು."

ಸಿಲ್ಲಾಯನ ಅಮಲ್ದಾರಿಕೆಯ ಬೆತ್ತ ಕಿತ್ತುಕೊಂಡರು. ರಿಬಾತುವಿನಿಂದ ಎಷ್ಟು ನೆಲ ಕೇಳಿದ್ದನೋ ಅಷ್ಟು ನೆಲವನ್ನು ಅವನ ಸ್ವಂತದ್ದರಿಂದಲೇ ಅಳೆದು ಅವಳಿಗೆ ಕೊಟ್ಟರು. ಮಗ್ಗದ ಮನೆಯ ಬಾಗಿಲು ತೆಗೆಸಿ ಒಳಗಿದ್ದವರನ್ನೂ ಬಿಡಿಸಿದರು.

ಆದರೆ ನ್ಯಾಯಾಧಿಪತಿ ಓದು ನಿಲ್ಲಿಸಿರಲಿಲ್ಲ. ಇನ್ನೊಂದು ಸಾಲಿತ್ತು. "ಈ ಕಲ್ಲನ್ನು ಯಾರ ಕಣ್ಣಿಗೂ ಬೀಳದಂತೆ ಮಣ್ಣಿನಲ್ಲಿ ಹೂತವನಿಗೂ..."

ಅಹುನಿ ಮತ್ತೆ ಅಂಗಿಯ ಅಂಚು ಹಿಡಿದ. "ಸ್ವಾಮಿ, ಹೂತವನು ನಾನೇ."

ನ್ಯಾಯಾಧಿಪತಿ ಕಲ್ಲಿನ ಬುಡ ಮುಟ್ಟಿ ನೋಡಿ ಅಂದನಂತೆ, "ನೆಟ್ಟ ಜಾಗದಿಂದ ಕಲ್ಲು ಕೂದಲೆಳೆಯಷ್ಟೂ ಕದಲಿಲ್ಲ. ನನ್ನ ಮಟ್ಟಿಗೆ ತಪ್ಪಿಲ್ಲ. ಆದರೆ ನಾನು ನೆಲದ ನ್ಯಾಯ ಹೇಳುವವನಪ್ಪ. ಶಾಪದ ನ್ಯಾಯ ದೇವರಿಗೆ ಸೇರಿದ್ದು."

ಏಳು ದಿನ ಕಾದದ್ದು ಏನೂ ಅಲ್ಲ, ಇನ್ನು ಮೂರು ತಿಂಗಳು ಕಾಯಬೇಕಾಯಿತು. ರಿಬಾತು ಅವನ ಕಾಲು ಹಿಡಿದು ಅತ್ತಳು. ಆಮೇಲೆ ದಿನಾ ಬೆಳಿಗ್ಗೆ ಕಲ್ಲಿನ ಮುಂದೆ ಹಾಲಿಟ್ಟು, "ಮುಚ್ಚಿಟ್ಟ ಕೈಯನ್ನ ಮರೆತುಬಿಡು ತಾಯಿ" ಅಂತ ಬೇಡಿದಳು. ಅಹುನಿ ಪ್ರತಿ ರಾತ್ರಿ ಹೆಂಡತಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟ. ಒಂದು ರಾತ್ರಿ ಒದೆಯಲಿಲ್ಲ. ಬೆಳಕು ಹರಿಯುವ ತನಕ ಕೈ ತೆಗೆಯದೆ ಕೂತ. ಕೋಳಿ ಕೂಗುವ ಹೊತ್ತಿಗೆ ಒಂದು ಸಣ್ಣ ಒದೆ.

ಒಂಬತ್ತು ತಿಂಗಳು ತುಂಬಿದ ದಿನ ಸೂಲಗಿತ್ತಿ ಅವನನ್ನು ಗುಡಿಸಲಿನಿಂದ ಆಚೆ ನೂಕಿದಳು. ಅಹುನಿ ಗೋಡೆಗೆ ಕಿವಿ ಕೊಟ್ಟು ನಿಂತ. ಎರಿಶ್ತಿ ಕೂಗಿದಳು. ಆಮೇಲೆ ನಿಶ್ಶಬ್ದ. ಅವನು ಒಂದು ಎಣಿಸಿದ, ಎರಡು ಎಣಿಸಿದ, ಐದು ಎಣಿಸಿದ, ಆರು ಎಣಿಸಿದ. ಏಳು ಅನ್ನಲು ಬಾಯಿ ಬರಲಿಲ್ಲ.

ಆಗ ಒಳಗಿನಿಂದ ಇಡೀ ಕಾಲುವೆ ದಂಡೆಗೆ ಕೇಳುವಂತೆ ಕೂಸು ಕಿಟಾರನೆ ಅತ್ತಿತಂತೆ.

"ಬಾಯಿ ಯಾರದು ಅಂತ ಗೊತ್ತಾಯ್ತಲ್ಲ?" ಅಂದಳು ಎರಿಶ್ತಿ ಒಳಗಿನಿಂದ. ಅಹುನಿ ಗೋಡೆಗೊರಗಿ ಕುಸಿದು ಕೂತು, ನಕ್ಕನೋ ಅತ್ತನೋ ಕಂಡವರಿಗೂ ತಿಳಿಯಲಿಲ್ಲ.

ಅವರ ತೂಬಿನ ನೀರು ಅವರ ಗದ್ದೆಗೆ ಹರಿಯಿತು, ಅವರ ಕಥೆ ಹರಿದು ಹರಿದು ನಮ್ಮ ಊರಿಗೆ ಬಂತು. ಅಲ್ಲಿ ಅವರ ತೊಟ್ಟಿಲು ತೂಗಲಿ, ಇಲ್ಲಿ ಕೇಳಿದವರ ಮನೆ ತಣ್ಣಗಿರಲಿ.