ಜಿರಾಫೆಯಮ್ಮ ಹಾಜರಿ ಕೂಗುವುದನ್ನು ಬಿಟ್ಟ ದಿನ

ಮೈಸೂರಿನ ಬೆಟ್ಟದ ತಪ್ಪಲಲ್ಲಿ ಇಂದು ಮೃಗಾಲಯವಿದೆ. ಹಳೆಯ ದೊಡ್ಡ ಮರಗಳಿವೆ, ಟಿಕೆಟ್ ಕೊಡುವ ಕಿಟಕಿಯಿದೆ, ಒಂದೊಂದು ಪ್ರಾಣಿಗೂ ಒಂದೊಂದು ಬೇಲಿಯಿದೆ. ಇವು ಯಾವುವೂ ಇಲ್ಲದ ಕಾಲವೊಂದಿತ್ತು. ಆಗ ಜಗತ್ತು ಹೊಸದು. ಬೆಟ್ಟದ ಮಣ್ಣು ಇನ್ನೂ ಹಸಿಯಾಗಿತ್ತು. ದೇಶ ದೇಶಗಳ ನಡುವೆ ಕಡಲು ಬಂದಿರಲಿಲ್ಲ. ಆನೆ, ಕರಡಿ, ಜಿರಾಫೆ, ಸಿಂಹ ಎಲ್ಲವೂ ಒಂದೇ ಕೆರೆಯ ನೀರು ಕುಡಿಯುತ್ತಿದ್ದವು.

ಆಗ ಜಿರಾಫೆಗೆ ಉದ್ದ ಕೊರಳಿರಲಿಲ್ಲ. ಹಸುವಿಗೆ ಇರುವಷ್ಟೇ ಇತ್ತು. ಆದರೆ ದನಿ! ಅವಳು ಕೆರೆ ಏರಿಯ ಮೇಲೆ ನಿಂತು ಕೂಗಿದರೆ ಬೆಟ್ಟದ ತುದಿಯಲ್ಲಿದ್ದ ಹದ್ದು ತಿರುಗಿ ನೋಡುತ್ತಿತ್ತು.

ಅದಕ್ಕೇ ಹಾಜರಿ ಕೂಗುವ ಕೆಲಸ ಜಿರಾಫೆಯಮ್ಮನದಾಗಿತ್ತು. ಸಂಜೆಯ ಬಿಸಿಲು ಹಳದಿಯಾದಾಗ ಅವಳು ಎಲ್ಲರ ಮಕ್ಕಳ ಹೆಸರನ್ನೂ ಒಂದೊಂದಾಗಿ ಕರೆಯುವಳು. ಮರಿಗಳು ಇದ್ದಲ್ಲಿಂದಲೇ "ಇದ್ದೀನಿ!" ಎನ್ನಬೇಕು. ಒಂದು ಹೆಸರೂ ಅವಳಿಗೆ ಮರೆತದ್ದಿಲ್ಲ. ಆ ಹೆಮ್ಮೆ ಅವಳಿಗೆ ಸ್ವಲ್ಪ ಹೆಚ್ಚೇ ಇತ್ತು.

ಅವಳದೊಂದು ಕಟ್ಟುನಿಟ್ಟಿನ ನಿಯಮ: ಹೆಸರು ಕರೆಯುವವರೆಗೆ ಯಾರೂ ಬಾಯಿ ಬಿಡಬಾರದು. ತನ್ನ ಸ್ವಂತ ಮರಿ ಚಿಗುರುವಿನ ಹೆಸರನ್ನು ಅವಳು ಎಲ್ಲರಿಗಿಂತ ಕೊನೆಗೆ ಕರೆಯುತ್ತಿದ್ದಳು.

ಹೀಗಿರುವಾಗ ಜಗತ್ತಿಗೆ ಹಸಿವು ಹೊಸದಾಗಿ ಬಂತು.

ಆ ಸಂಜೆಯೂ ಹಾಜರಿ ನಡೆದಿತ್ತು. ಆನೆಮರಿ "ಇದ್ದೀನಿ" ಎಂದಿತು. ಕರಡಿಮರಿ ಬಾಯಿತುಂಬ ಜೇನು ಇಟ್ಟುಕೊಂಡು "ಇಮ್ಮೀಮಿ" ಎಂದಿತು. ಕೋತಿಮರಿ ಎರಡು ಮರಗಳಿಂದ ಎರಡು ಸಲ ಕೂಗಿತು.

"ಒಂದು ಸಲ ಸಾಕು ಕಣೋ!" ಎಂದು ಗದರಿದಳು ಜಿರಾಫೆಯಮ್ಮ.

ಉಳಿದದ್ದು ಒಂದೇ ಹೆಸರು. ಅವಳು ಬಾಯಿ ತೆರೆದಳು. ಆಗ ಗಾಳಿ ಬಂದು ಕಿವಿಯಲ್ಲಿ ಉಸುರಿತು.

"ಅಮ್ಮಾ, ನಾನು ಪಡುವಣಕ್ಕೆ ಬೀಸುತ್ತಿದ್ದೇನೆ. ಅಲ್ಲಿ ನೋಡು, ಹುಲ್ಲು ಮೂಡಣಕ್ಕೆ ಬಾಗುತ್ತಿದೆ. ಅದು ನನ್ನ ಕೆಲಸ ಅಲ್ಲ."

ಜಿರಾಫೆಯಮ್ಮ ನೋಡಿದಳು. ಆಳೆತ್ತರದ ಹುಲ್ಲು ಮೆಲ್ಲಗೆ ಅಲ್ಲಾಡುತ್ತಿತ್ತು. ಅದರೊಳಗಿಂದ ಸಿಂಹಿಣಿಯ ದನಿ ಬಂತು, ಬೆಣ್ಣೆಯಷ್ಟು ಮೃದುವಾಗಿ.

"ಯಾಕಕ್ಕಾ ನಿಲ್ಲಿಸಿಬಿಟ್ಟಿರಿ? ಇನ್ನೊಂದು ಹೆಸರು ಉಳಿದಿದೆಯಲ್ಲ?"

ಜಿರಾಫೆಯಮ್ಮ ತೆರೆದ ಬಾಯಿ ಮುಚ್ಚಿಕೊಂಡಳು. ಕರೆದರೆ ಚಿಗುರು "ಇದ್ದೀನಿ" ಎನ್ನುತ್ತದೆ. ಎಂದರೆ ಎಲ್ಲಿದೆ ಎಂದು ಸಿಂಹಿಣಿಗೆ ಗೊತ್ತಾಗುತ್ತದೆ. ಕರೆಯದಿದ್ದರೆ ಎಲ್ಲಿದೆ ಎಂದು ತನಗೇ ಗೊತ್ತಾಗುವುದಿಲ್ಲ.

"ಕೂಗವ್ವಾ, ಕತ್ತಲಾಗ್ತಿದೆ," ಎಂದಿತು ಮರದ ಮೇಲಿನ ಕಾಗೆ. "ಹೆಸರು ಮರೆತೇ ಹೋಯ್ತಾ? ಅದೂ ಸ್ವಂತ ಮಗುವಿಂದು!"

ಕೋತಿಗಳು ನಕ್ಕವು. ಜಿರಾಫೆಯಮ್ಮ ನಾಲಿಗೆಯ ತುದಿಗೆ ಬಂದಿದ್ದ ಹೆಸರನ್ನು ನುಂಗಿಕೊಂಡಳು. ಅದು ಮತ್ತೆ ಮೇಲೆ ಬಂತು, ಮತ್ತೆ ನುಂಗಿದಳು. ಕೊರಳು ಚಾಚಿ ಹುಲ್ಲಿನ ಮೇಲಿಂದ ನೋಡಿದಳು. ಕಾಣಲಿಲ್ಲ. ಇನ್ನಷ್ಟು ಚಾಚಿದಳು. ಕಾಣಲಿಲ್ಲ.

ಮರಿಗೆ ಬೇಜಾರಾದರೆ? ಅಮ್ಮ ಮರೆತಳೆಂದು ತಾನೇ ಕೂಗಿಬಿಟ್ಟರೆ?

'ಬೇಡ ಕಂದಾ, ಬಾಯಿ ಬಿಡಬೇಡ' ಎಂದು ಮನಸ್ಸಿನಲ್ಲೇ ಬೇಡುತ್ತಾ ಅವಳು ಇನ್ನಷ್ಟು, ಇನ್ನಷ್ಟು, ಇನ್ನಷ್ಟು ಚಾಚಿದಳು. ಕೊರಳು ಹುಲ್ಲನ್ನು ದಾಟಿತು, ಪೊದೆಯನ್ನು ದಾಟಿತು, ಕಾಗೆ ಕೂತ ಕೊಂಬೆಯನ್ನೂ ದಾಟಿತು. ಕಾಗೆ ನಗುವುದನ್ನು ಮರೆತು ಬಾಯಿ ತೆರೆದುಕೊಂಡೇ ಕೂತಿತು.

"ನಾನು ಹುಲ್ಲು ಸರಿಸುತ್ತೇನೆ," ಎಂದಿತು ಗಾಳಿ. "ನೀನು ನೋಡು."

ಹುಲ್ಲು ಬಾಗಿತು. ಹುತ್ತದ ಪಕ್ಕದಲ್ಲಿ ಎರಡು ಪುಟ್ಟ ಕಿವಿಗಳು ಕಂಡವು. ಹತ್ತು ಹೆಜ್ಜೆ ಆಚೆ ಸಿಂಹಿಣಿಯ ಬೆನ್ನು ಕಂಡಿತು.

ಜಿರಾಫೆಯಮ್ಮ ಓಡಿದಳು. ಮರಿಯನ್ನು ತನ್ನ ನಾಲ್ಕು ಕಾಲುಗಳ ನಡುವೆ ನಿಲ್ಲಿಸಿಕೊಂಡು, ಮುಂಗಾಲನ್ನು ಎತ್ತಿ ಹಿಡಿದಳು. ಸಿಂಹಿಣಿ ಆ ಗೊರಸನ್ನು ನೋಡಿತು. ಆ ಕೊರಳನ್ನೂ ನೋಡಿತು.

"ಇರಲಿ ಬಿಡಿ ಅಕ್ಕಾ," ಎಂದು ಮೀಸೆ ನೆಕ್ಕಿಕೊಂಡಿತು. "ನಾಳೆಯೂ ಹಾಜರಿ ಕೂಗುತ್ತೀರಲ್ಲ." ಹಾಗೆಂದು ಹುಲ್ಲಿನೊಳಗೆ ಮರೆಯಾಯಿತು.

ಚಿಗುರು ಮುಖ ಊದಿಸಿಕೊಂಡು ಪಿಸುಗುಟ್ಟಿತು: "ಅಮ್ಮಾ, ನನ್ನ ಹೆಸರು ಕರೆಯಲೇ ಇಲ್ಲ ನೀನು. ನಾನು ಎಷ್ಟು ಹೊತ್ತು ಕಾದೆ ಗೊತ್ತಾ?"

ಈಗಲಾದರೂ ಕರೆಯೋಣವೆಂದು ಜಿರಾಫೆಯಮ್ಮ ಬಾಯಿ ತೆರೆದಳು. ನುಂಗಿಕೊಂಡಿದ್ದ ದನಿ ಕೆಳಗಿನಿಂದ ಹೊರಟಿತು. ಆ ಉದ್ದ ಕೊರಳನ್ನು ಹತ್ತಿತು, ಹತ್ತಿತು, ಅರ್ಧಕ್ಕೆ ಸುಸ್ತಾಗಿ ಇಳಿದುಹೋಯಿತು. ಎಷ್ಟು ಸಲ ಪ್ರಯತ್ನಿಸಿದರೂ ಅಷ್ಟೇ.

ಅವಳು ನಿಧಾನವಾಗಿ ಕೆಳಗೆ ಬಾಗಿ ಮರಿಯ ಮುಖದ ಮುಂದೆ ಮುಖ ತಂದಳು. ದೊಡ್ಡ ಕಣ್ಣುಗಳಿಂದ ನೋಡಿದಳು. ಚಿಗುರುವಿಗೆ ಅರ್ಥವಾಯಿತು. 'ಇದ್ದೀನಿ' ಎನ್ನುವ ಬದಲು ಅದು ಒಂದು ಕಿವಿಯನ್ನು ಪಟಪಟ ಅಲ್ಲಾಡಿಸಿತು.

ಮರುದಿನ ಸಂಜೆ ಸಿಂಹಿಣಿ ಹುಲ್ಲಿನಲ್ಲಿ ಕಿವಿ ನಿಮಿರಿಸಿ ಕಾದು ಕೂತಿತು. ಒಂದು ಹೆಸರೂ ಕೇಳಿಸಲಿಲ್ಲ. ಜಿರಾಫೆಯಮ್ಮ ಕೊರಳೆತ್ತಿ ಒಂದೊಂದೇ ಮರಿಯನ್ನು ನೋಡಿ ಹಾಜರಿ ಮುಗಿಸಿದ್ದಳು.

ಆಮೇಲೆ ಹುಟ್ಟಿದ ಜಿರಾಫೆಗಳಿಗೆಲ್ಲ ಆ ಕೊರಳೇ ಬಂತು, ಆ ಮೌನವೇ ಬಂತು.

ನೀನು ಮೃಗಾಲಯಕ್ಕೆ ಹೋದಾಗ ಕೇಳಿಸಿಕೋ: ಜನಜಂಗುಳಿಯಲ್ಲಿ ಯಾರೋ ಅಜ್ಜಿ "ಏ ಇಂದುಶ್ರೀ, ಎಲ್ಲಿ ಹೋದ್ಯೇ?" ಎಂದು ಗಾಬರಿಯಿಂದ ಕೂಗುತ್ತಿರುತ್ತಾರೆ. ಜಿರಾಫೆ ಮಾತ್ರ ಕೂಗುವುದಿಲ್ಲ. ಬೇಲಿಯ ಮೇಲಿಂದ ಕೊರಳು ಚಾಚಿ, ಕಿವಿ ಅಲ್ಲಾಡಿಸುತ್ತಾ, ಅಲ್ಲಿ ನಿಂತ ಒಂದೊಂದೇ ಮಗುವಿನ ಮುಖ ನೋಡುತ್ತಾ ಹೋಗುತ್ತದೆ. ಅದರ ಹಾಜರಿ ಇನ್ನೂ ಮುಗಿದಿಲ್ಲ.